ಕಡಲು ಸಾಕ್ಷಿ ನುಡಿಯದು

ವಿವಾಹವೆಂಬುದು ವಧೂವರರಿಬ್ಬರ ಸ್ವಂತ ಸಂಗತಿಯೆಂದೂ, ಅದಕ್ಕೆ ಊರನ್ನೂ ಬಳಗವನ್ನೂ ಕೂಡಿಸುವುದು ದುಂದುವೆಚ್ಚಕ್ಕೂ ದೊಡ್ಡಸ್ತಿಕೆಯ ಪ್ರದರ್ಶನಕ್ಕೂ ಎಡೆಮಾಡಿಕೊಡುವುದೆಂದೂ, ಆದಕಾರಣ ಶನಿವಾರ ಭಾನುವಾರಗಳ ಬಿಡುವಿನಲ್ಲಿ ಆಪ್ತರಾದ ನಲವತ್ತೈವತ್ತು ಮಂದಿಯನ್ನು ಮಾತ್ರ ಕರೆದುಕೊಂಡು ದೂರದ ಕಡಲ ದಂಡೆಗೆ ಹೋಗಿ, ಶಾಸ್ತ್ರಸಂಪ್ರದಾಯಗಳ ಬಿಗುಮಾನವಿಲ್ಲದೆ, ಮರಳಿನ ಮೇಲೆ ಬರಿಗಾಲಿನಲ್ಲಿ ನಿಂತು, ಅಸ್ತಮಿಸುವ ಸೂರ್ಯನಿಗೆದುರಾಗಿ ಮಾಲೆ ಬದಲಿಸಿಕೊಳ್ಳುವುದೇ ನಮ್ಮ ಕಾಲಕ್ಕೊಪ್ಪುವ ಸರಳ ವಿವಾಹವೆಂದೂ ಹೇಳುವ ಒಂದು ಮತವು ಈಚಿನ ವರ್ಷಗಳಲ್ಲಿ ನಮ್ಮ ವಿದ್ಯಾವಂತ ಕುಟುಂಬಗಳಲ್ಲಿ ಆಳವಾಗಿ ಬೇರುಬಿಟ್ಟಿದೆ. ಅದನ್ನು ಪ್ರಶ್ನಿಸಿದವನು ಕಾಲವನ್ನರಿಯದ ಮುದುಕನೆನಿಸಿಕೊಳ್ಳುತ್ತಾನೆ. ಆ ಹೆಸರನ್ನು ಹೊರಲು ಸಿದ್ಧನಾಗಿಯೇ ನಾನು ಈ ಮತವನ್ನು ಖಂಡಿಸಲು ಹೊರಟಿದ್ದೇನೆ. ಇದನ್ನು ಎತ್ತಿಹಿಡಿಯುವವರಲ್ಲಿ ದುರುದ್ದೇಶವಿದೆಯೆಂದು ನಾನೆಣಿಸಿಲ್ಲ. ಸಾಲ ಮಾಡಿ ಮದುವೆ ಮಾಡಿದ ತಂದೆಯನ್ನು ಕಂಡ ಮಕ್ಕಳು, ವರದಕ್ಷಿಣೆಯ ಚೌಕಾಶಿಯನ್ನು ಬಾಗಿಲ ಮರೆಯಲ್ಲಿ ನಿಂತು ಕೇಳಿದ ಹೆಣ್ಣುಮಕ್ಕಳು, ಇಂಥದರಿಂದ ದೂರ ಹೋಗಬೇಕೆಂದು ಬಯಸಿದರೆ ಅದು ಸಹಜವೇ. ಆದರೆ ಹಾಗೆ ಹೋಗಿ ಅವರು ತಲುಪಿದ ಸ್ಥಳಕ್ಕೆ ಸರಳತೆಯೆಂಬ ಹೆಸರು ಸಲ್ಲದು. ಬಡವನಾದ ಅತಿಥಿಯು ತನ್ನಲ್ಲಿರುವ ಬಟ್ಟೆಯನ್ನುಟ್ಟು, ನಡೆದುಬಂದು, ತಲೆಯೆತ್ತಿ ಕುಳಿತು, ಉಂಡು ಹರಸಿ ಹೋಗಬಹುದಾದ ಮದುವೆಯೇ ಸರಳ ವಿವಾಹವೆಂಬುದು ನನ್ನ ಪಕ್ಷ. ಈ ಒರೆಗಲ್ಲಿಗೆ ತೀಡಿ ನೋಡಿದರೆ ಕಡಲತೀರದ ಮದುವೆಯು ನಮ್ಮ ಕಾಲದ ಅತ್ಯಂತ ಆಡಂಬರದ ಮದುವೆಗಳಲ್ಲೊಂದು.

ನಾನು ಇದನ್ನು ಬರೆಯುತ್ತಿರುವುದು ಲೋಹಾರಾದಿಂದ. ಧಾರಾಶಿವ ಜಿಲ್ಲೆಯ ಈ ಊರು ಹಿಂದೆ ಉಮರ್ಗಾ ತಾಲೂಕಿನೊಳಗಿದ್ದು ಬಳಿಕ ತಾನೇ ತಾಲೂಕಿನ ಕೇಂದ್ರವಾಯಿತು. ೧೯೫೬ರಲ್ಲಿ ಹೈದರಾಬಾದ್ ರಾಜ್ಯವು ಒಡೆದು, ಅದುವರೆಗೆ ಬೀದರ ಜಿಲ್ಲೆಯಲ್ಲಿದ್ದ ಉದಗೀರ ನಿಲಂಗಾಗಳು ಮುಂಬಯಿ ರಾಜ್ಯಕ್ಕೆ ಸೇರಿದಾಗ ನಕ್ಷೆಯ ಮೇಲಿನ ಗೆರೆಯೇನೋ ಸರಿಯಿತು. ಬೀಗತನದ ಗೆರೆ ಸರಿಯಲಿಲ್ಲ. ಇಂದಿಗೂ ನಮ್ಮ ಹೆಣ್ಣುಮಕ್ಕಳು ಆಳಂದಕ್ಕೂ ಬಸವಕಲ್ಯಾಣಕ್ಕೂ ಭಾಲ್ಕಿಗೂ ಸೊಸೆಯರಾಗಿ ಹೋಗುತ್ತಾರೆ. ಔಸಾ ಲಾತೂರುಗಳ ಹೆಣ್ಣುಮಕ್ಕಳು ನಮ್ಮ ಹೊಸ್ತಿಲ ಮೇಲಿನ ಸೇರನ್ನೊದ್ದು ಒಳಗೆ ಬರುತ್ತಾರೆ. ಈ ಮಾತನ್ನು ಮೊದಲೇ ಹೇಳಿದುದಕ್ಕೆ ಕಾರಣವಿದೆ. ಅದು ಮುಂದೆ ತಾನಾಗಿ ತಿಳಿಯುವುದು.

ಕಳೆದ ಮಾರ್ಗಶಿರದಲ್ಲಿ ನನ್ನ ತಮ್ಮನ ಮಗನ ಮದುವೆ ಗೋಕರ್ಣದ ಸಮೀಪದ ಕಡಲ ದಂಡೆಯಲ್ಲಿ ನಡೆಯಿತು. ತಮ್ಮ ಪುಣೆಯಲ್ಲಿ ನೆಲೆಸಿ ಮೂವತ್ತು ವರ್ಷಗಳು ಕಳೆದಿವೆ. ಮಗ ಅಲ್ಲಿಯೇ ಬೆಳೆದು, ಕಂಪ್ಯೂಟರಿನ ಕೆಲಸದಲ್ಲಿದ್ದು, ತನ್ನೊಡನೆ ದುಡಿಯುವ ಬೇರೆ ಪ್ರಾಂತದ, ಬೇರೆ ಭಾಷೆಯ ಹುಡುಗಿಯನ್ನು ಮೆಚ್ಚಿದ; ಎರಡೂ ಮನೆಯವರು ಒಪ್ಪಿದರು; ನಾನಂತೂ ಹೃತ್ಪೂರ್ವಕವಾಗಿ ಸಂತೋಷಪಟ್ಟೆ. ಆಮಂತ್ರಣವು ಮೊಬೈಲಿಗೆ ಬಂದಿತು. ಶುಕ್ರವಾರ ಸಂಜೆಗೆ ಸೇರಿ ಭಾನುವಾರ ಮಧ್ಯಾಹ್ನ ಚದುರುವುದೆಂದೂ, ಕೋಣೆಗಳನ್ನು ಅತಿಥಿಗಳು ತಾವೇ ಕಾದಿರಿಸಿಕೊಳ್ಳುವುದೆಂದೂ, ಒಂದು ಸಂಜೆಗೆ ತಿಳಿನೀಲಿಯ ಉಡುಪು, ಇನ್ನೊಂದಕ್ಕೆ ಬಿಳಿಯದು ಎಂದೂ, ಎಲ್ಲವೂ ಸಲೀಸಾಗಿ, ಅನೌಪಚಾರಿಕವಾಗಿ ನಡೆಯುವುದೆಂದೂ, ಉಡುಗೊರೆಗಳು ಬೇಡವೆಂದೂ ಅದರಲ್ಲಿತ್ತು. ಲೋಹಾರಾದ ನಮ್ಮ ಓಣಿಯಿಂದ ಕರೆ ಬಂದುದು ನಮ್ಮ ಮನೆಯೊಂದಕ್ಕೇ.

ಹೊರಡುವ ಹಿಂದಿನ ದಿನ ಓಣಿಯ ಮುದುಕಿಯೊಬ್ಬಳು ಬಂದಳು. ಎಂಬತ್ತು ದಾಟಿದ ಜೀವ. ನನ್ನ ತಾಯಿಯ ಸರೀಕಳು. ಮದುಮಗನ ತಂದೆಯನ್ನು ತೊಟ್ಟಿಲಲ್ಲಿ ತೂಗಿದವಳು. ಅವಳ ಮಗಳ ಮದುವೆಯಲ್ಲಿ ನನ್ನ ತಾಯಿ ಒಂದು ಸೀರೆಯನ್ನೂ ಒಂದು ಹಿತ್ತಾಳೆಯ ಕೊಡವನ್ನೂ ಇಟ್ಟಿದ್ದಳಂತೆ. ಆ ಮುಯ್ಯಿಯನ್ನು ತೀರಿಸುವ ಸಂದರ್ಭ ಇಷ್ಟು ವರ್ಷಗಳ ಮೇಲೆ ಬಂದಿತೆಂದು ಅವಳು ಒಂದು ಗಂಟು ಕಟ್ಟಿಕೊಂಡು ಬಂದಿದ್ದಳು. ಅದರಲ್ಲಿ ಕುಬಸದ ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಕೊಂಬು, ಅಡಿಕೆ, ಹಿಡಿ ಅಕ್ಕಿ ಇದ್ದುವು. “ಅಷ್ಟು ದೂರ ನಾ ಹ್ಯಾಂಗ ಬರ್ಲಿ, ತಮ್ಮಾ? ಮದಿಮಗಳ ಉಡಿಯಾಗ ಇದನ್ನ ಹಾಕಿ ಬಾ. ನಿಮ್ಮ ಮನಿ ಮುಯ್ಯಿ ನನ್ನ ಮ್ಯಾಲ ಅದ,” ಎಂದಳು. ಆ ಗಂಟನ್ನು ಕೈಚೀಲದಲ್ಲಿಟ್ಟುಕೊಂಡು ನಾನು ಹೊರಟೆ.

ಉಮರ್ಗಾಕ್ಕೆ ಬಸ್ಸು, ಅಲ್ಲಿಂದ ಪುಣೆಯ ಹೆದ್ದಾರಿ ಹಿಡಿದು ನಳದುರ್ಗದ ಮೇಲೆ ಸೊಲ್ಲಾಪುರ, ಅಲ್ಲಿ ರೈಲು ಹತ್ತಿ ವಿಜಯಪುರ, ಬಾಗಲಕೋಟೆ, ಗದಗಗಳನ್ನು ದಾಟಿ ಹುಬ್ಬಳ್ಳಿ, ಮತ್ತೆ ಬಸ್ಸಿನಲ್ಲಿ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲೆ. ಐದುನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಕಪ್ಪು ಎರೆಯ ಭೂಮಿ ಕೆಂಪಾಗಿ, ಬಯಲು ಕಾಡಾಗಿ, ಕಡೆಗೆ ಗಾಳಿಯಲ್ಲಿ ಉಪ್ಪಿನ ವಾಸನೆ ಬರುವುದನ್ನು ಕಂಡು ನನ್ನ ಮನಸ್ಸೂ ಅರಳಿತು; ಕಡಲನ್ನು ನಾನು ದ್ವೇಷಿಸುವವನಲ್ಲ. ಆದರೆ ಎರಡು ದಿನಗಳ ಮದುವೆಗೆ ಹೋಗಿಬರಲು ನನಗೆ ನಾಲ್ಕು ದಿನ ಹಿಡಿಯಿತು. ದಾರಿಯ ಖರ್ಚು, ಕೋಣೆಯ ಬಾಡಿಗೆ, ನಾನೂ ನನ್ನ ಹೆಂಡತಿಯೂ ಅದುವರೆಗೆ ಹೊಂದಿರದ ತಿಳಿನೀಲಿಯ ಬಟ್ಟೆ, ಇವೆಲ್ಲ ಸೇರಿ ಪಿಂಚಣಿಯ ಒಂದು ತಿಂಗಳನ್ನು ನುಂಗಿದುವು. ನನಗೆ ಪಿಂಚಣಿಯುಂಟು; ನಮ್ಮ ಓಣಿಯಲ್ಲಿ ಅದಿಲ್ಲದ ಮನೆಗಳೇ ಹೆಚ್ಚು.

ವಾದದ ಮೊದಲ ಗಂಟು ಇಲ್ಲಿಯೇ ಇದೆ. ಕಡಲತೀರದ ಮದುವೆಯಲ್ಲಿ ಖರ್ಚು ಕಡಮೆಯಾಗುವುದೆಂದು ಹೇಳುವವರು ಮದುವೆ ಮಾಡುವವನ ಲೆಕ್ಕವನ್ನು ಮಾತ್ರ ನೋಡುತ್ತಾರೆ. ಮದುವೆಗೆ ಬರುವವನ ಲೆಕ್ಕವನ್ನು ನೋಡುವುದಿಲ್ಲ. ಊರ ಮದುವೆಯಲ್ಲಿ ವೆಚ್ಚವೆಲ್ಲ ಹಂದರ ಹಾಕಿದವನ ತಲೆಯ ಮೇಲಿರುತ್ತದೆ, ಬಂದವನು ತನ್ನ ಶಕ್ತಿಯಿದ್ದಷ್ಟು ಆಯೇರಿ ಮಾಡುತ್ತಾನೆ, ಶಕ್ತಿಯಿಲ್ಲದವನು ನಾಲ್ಕು ಕಾಳು ಅಕ್ಷತೆ ಹಾಕಿ ಉಣ್ಣುತ್ತಾನೆ. ಕಡಲತೀರದಲ್ಲಿ ಆ ಭಾರವು ಸದ್ದಿಲ್ಲದೆ ಅತಿಥಿಯ ಹೆಗಲಿಗೆ ದಾಟುತ್ತದೆ. ಹೊರಲಾರದವನು ಬಾರದೆಯೇ ಉಳಿಯುತ್ತಾನೆ. ಹಾಗೆ ಬಾರದಿದ್ದವರ ಸಂಖ್ಯೆಯನ್ನೇ ಮಿತವ್ಯಯವೆಂದು ಆಮೇಲೆ ಹೊಗಳಲಾಗುತ್ತದೆ.

ಅನೌಪಚಾರಿಕತೆಯ ಮಾತೂ ಹೀಗೆಯೇ. ಔಪಚಾರಿಕವೆಂದು ಹಳಿಯಲಾಗುವ ನಮ್ಮ ಹಂದರದಲ್ಲಿ ಯಾರು ಯಾವ ಬಣ್ಣವನ್ನುಡಬೇಕೆಂದು ಯಾರೂ ಎಂದೂ ವಿಧಿಸಿದ್ದಿಲ್ಲ. ಇಳಕಲ್ ಸೀರೆಯುಟ್ಟವಳೂ ಒಗೆದೊಗೆದು ಬಣ್ಣ ಮಾಸಿದ ನೂಲಿನ ಸೀರೆಯವಳೂ ಒಂದೇ ಜಮಖಾನದ ಮೇಲೆ ಕುಳಿತು ಸೋಬಾನೆ ಹಾಡುತ್ತಾರೆ. ಎಲ್ಲಿ ನಿಲ್ಲಬೇಕು, ಯಾವಾಗ ಏಳಬೇಕು ಎಂಬುದು ಐದು ವರ್ಷದ ಕೂಸಿಗೂ ಗೊತ್ತು. ಸಂಪ್ರದಾಯವೆಂಬುದು ಎಲ್ಲರಿಗೂ ಮೊದಲೇ ತಿಳಿದಿರುವ ಸಂಗತಿಯಾದುದರಿಂದ ಅದರಲ್ಲಿ ಬಡವನು ಮುಜುಗರಪಡುವ ಪ್ರಸಂಗ ಕಡಮೆ. ಸಂಪ್ರದಾಯವನ್ನು ತೆಗೆದಿಟ್ಟ ಸ್ಥಳದಲ್ಲಿ ಪ್ರತಿ ಗಳಿಗೆಗೂ ಹೊಸ ಸೂಚನೆ ಬೇಕಾಗುತ್ತದೆ. ಆ ಸೂಚನೆಗಳನ್ನು ಓದಬಲ್ಲವರು, ಓದಿ ಪಾಲಿಸಬಲ್ಲಷ್ಟು ಹಣವುಳ್ಳವರು ಮಾತ್ರ ಅಲ್ಲಿ ಸಲೀಸಾಗಿರುತ್ತಾರೆ. ನನ್ನ ಹೆಂಡತಿ ಆ ಎರಡು ದಿನವೂ ತಾನು ಎಲ್ಲಿ ಕೂರಬೇಕೆಂದು ಕೇಳುತ್ತಲೇ ಇದ್ದಳು. ನಮ್ಮ ಸೀಮೆಯ ನೂರು ಮದುವೆಗಳಲ್ಲಿ ಆರತಿ ಎತ್ತಿದ ಹೆಣ್ಣುಮಗಳು ಅವಳು.

ಇದಕ್ಕಿಂತ ಗಹನವಾದ ವಿಷಯ ಮತ್ತೊಂದಿದೆ. ಮದುವೆಯು ಇಬ್ಬರದೆಂಬ ಮಾತು ಅರ್ಧ ನಿಜ. ಇಬ್ಬರು ಪ್ರೀತಿಸಲು ಯಾರ ಅಪ್ಪಣೆಯೂ ಬೇಡ, ಯಾರ ಸಾನ್ನಿಧ್ಯವೂ ಬೇಡ, ಅದು ಅವರಿಬ್ಬರದೇ. ಆದರೆ ಪ್ರೀತಿಯ ಮೇಲೆ ವಿವಾಹವೆಂದು ಒಂದನ್ನು ಜನ ಏಕೆ ಕಟ್ಟಿಕೊಂಡರೆಂದರೆ, ಆಡಿದ ಮಾತಿಗೆ ಕೇಳಿಸಿಕೊಂಡ ಕಿವಿಗಳು ಬೇಕೆಂದು. ಧರ್ಮದ ಸೋಂಕೇ ಇಲ್ಲದ ೧೯೫೪ರ ವಿಶೇಷ ವಿವಾಹ ಕಾಯಿದೆಯು ಕೂಡ ಮೂವತ್ತು ದಿನಗಳ ಮೊದಲು ಸಾರ್ವಜನಿಕವಾಗಿ ನೋಟೀಸು ಹಚ್ಚಬೇಕೆಂದೂ, ಮೂವರು ಸಾಕ್ಷಿಗಳು ರುಜು ಹಾಕಬೇಕೆಂದೂ ವಿಧಿಸುತ್ತದೆ. ಮಂತ್ರ, ಹೋಮ, ತಾಳಿ ಎಲ್ಲವನ್ನೂ ಬಿಡಲು ಒಪ್ಪಿದ ಕಾನೂನು ಸಾಕ್ಷಿಯನ್ನು ಮಾತ್ರ ಬಿಡಲೊಪ್ಪಲಿಲ್ಲವೆಂದರೆ ವಿವಾಹದ ತಿರುಳು ಎಲ್ಲಿದೆಯೆಂಬುದು ಸ್ಪಷ್ಟ. ಸಾಕ್ಷಿಯೆಂದರೆ ಆ ಸಂಜೆ ಅಲ್ಲಿದ್ದು ಚಪ್ಪಾಳೆ ತಟ್ಟಿದವನಷ್ಟೇ ಆಗಲಾರ. ನಾಳೆ ಗಂಡ ಕುಡಿದು ಬಂದರೆ “ನಿನ್ನ ಮೇಲೆ ಕಾಳು ಹಾಕಿದವನು ನಾನು” ಎಂದು ಗದರಿಸುವ ಅಧಿಕಾರ ಯಾರಿಗುಂಟೋ, ಹೆಂಡತಿ ಮಗುವನ್ನೆತ್ತಿಕೊಂಡು ನಡುರಾತ್ರಿ ಯಾರ ಬಾಗಿಲು ತಟ್ಟಬಲ್ಲಳೋ ಅವನು ಸಾಕ್ಷಿ. ಅಲೆಗಳೂ ಅಸ್ತಮಾನದ ಸೂರ್ಯನೂ ಬಲು ಸುಂದರ. ಆದರೆ ಅವು ಯಾರ ಪರವಾಗಿಯೂ ನುಡಿಯವು.

ನಮ್ಮ ಕಡೆಯ ಮದುವೆಯ ಒಂದೊಂದು ಅಂಗವೂ ಈ ಸಾಕ್ಷಿಯನ್ನು ಕೂಡಿಸುವುದಕ್ಕಾಗಿಯೇ ಹುಟ್ಟಿದಂತಿದೆ. ಹಂದರದ ಕಂಬಕ್ಕೆ ಹಸಿರು ಕಡಿದು ತರುವವರು ನೆರೆಯವರು. ಐರಾಣಿಯ ಮಡಕೆಗಳು ಕುಂಬಾರನ ಮನೆಯಿಂದ ಬರಬೇಕು, ಅವನ್ನು ತರಲು ಮುತ್ತೈದೆಯರು ಹಾಡುತ್ತಾ ಅವನ ಅಂಗಳಕ್ಕೇ ಹೋಗಬೇಕು. ಸುರಗಿ ಸುತ್ತುವಾಗ ನಾಲ್ಕು ಮೂಲೆಗೆ ನಾಲ್ಕು ಕೈಗಳು ಬೇಕು. ಮದುವೆಯ ಕಾಲವೂ ಅತಿಥಿಯ ಅನುಕೂಲವನ್ನು ನೋಡಿಯೇ ನಿಂತದ್ದು. ಪಂಚಾಂಗದ ಮುಹೂರ್ತಗಳ ಬಗ್ಗೆ ನನಗೆ ಹೇಳಿಕೊಳ್ಳುವಂಥ ಶ್ರದ್ಧೆಯಿಲ್ಲ; ಆದರೂ ತುಳಸಿ ಲಗ್ನವಾದ ಮೇಲೆ ಆರಂಭವಾಗುವ ಮದುವೆಗಳು ನಮ್ಮಲ್ಲಿ ಹಿಂಗಾರಿನ ಬಿಳಿಜೋಳದ ರಾಶಿ ಮುಗಿದ ಬಳಿಕ, ಫಾಲ್ಗುಣ ಕಳೆದು ವೈಶಾಖದವರೆಗೆ, ದಟ್ಟವಾಗಿ ಏಕೆ ಬರುತ್ತವೆಂಬುದನ್ನು ರೈತನೇ ಹೇಳುವನು: ಆಗ ಮನೆಯಲ್ಲಿ ಕಾಳಿರುತ್ತದೆ, ಕೈಗೆ ಬಿಡುವಿರುತ್ತದೆ. ಮಾರ್ಗಶಿರದ ಆ ಶನಿವಾರದಲ್ಲಿ ನಮ್ಮ ಹೊಲಗಳಲ್ಲಿ ತೊಗರಿ ಒಣಗಿ ನಿಂತಿತ್ತು. ಕರೆದಿದ್ದರೂ ಯಾರು ಬರಬಲ್ಲವರಾಗಿದ್ದರು? ಕಚೇರಿಯ ರಜೆಯನ್ನು ನೋಡಿ ಗೊತ್ತುಮಾಡಿದ ಮದುವೆಯೂ ಒಂದು ಪಂಚಾಂಗವನ್ನೇ ಅನುಸರಿಸಿತು. ಆ ಪಂಚಾಂಗದಲ್ಲಿ ಹೊಲದ ಕೆಲಸಕ್ಕೆ ಎಡೆಯಿರಲಿಲ್ಲ.

ಮುಯ್ಯಿಯ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕು, ಏಕೆಂದರೆ “ಉಡುಗೊರೆ ಬೇಡ” ಎಂಬ ವಾಕ್ಯವು ದೊಡ್ಡ ಔದಾರ್ಯವೆಂದು ಎಲ್ಲೆಡೆಯೂ ಭಾವಿಸಲಾಗುತ್ತಿದೆ. ನಮ್ಮ ಮನೆಗಳಲ್ಲಿ ಮದುವೆಯ ದಿನ ಒಬ್ಬ ಹುಡುಗ ವಹಿ ಹಿಡಿದು ಕುಳಿತು, ಯಾರು ಸೀರೆ ತಂದರು, ಯಾರು ಪಾತ್ರೆ ಇಟ್ಟರು, ಯಾರು ಐದು ರೂಪಾಯಿ ಕೊಟ್ಟರು ಎಂದು ಬರೆಯುತ್ತಾನೆ. ಪಟ್ಟಣದ ಕಣ್ಣಿಗೆ ಇದು ಸಣ್ಣತನವಾಗಿ ಕಾಣುತ್ತದೆ. ಆದರೆ ಬ್ಯಾಂಕು ಎಂದರೇನೆಂದು ತಿಳಿಯದಿದ್ದ ಮನೆಗಳಲ್ಲಿ, ಮಗಳ ಮದುವೆಯ ಭಾರವನ್ನು ಸಾಹುಕಾರನ ಬಡ್ಡಿಗೆ ಬೀಳದೆ ಓಣಿಯೇ ಕಂತುಕಂತಾಗಿ ಹೊತ್ತುಕೊಂಡ ಏರ್ಪಾಡು ಅದು. ಇಂದು ನಿನಗೆ ನಾನು, ನಾಳೆ ನನಗೆ ನೀನು. ಕೊಟ್ಟದ್ದಕ್ಕಿಂತ ಒಂದು ಕಾಸು ಹೆಚ್ಚಾಗಿ ಹಿಂದಿರುಗಿಸಬೇಕು, ಲೆಕ್ಕ ಎಂದೂ ಪೂರ್ತಿ ಚುಕ್ತಾ ಆಗಬಾರದು, ಏಕೆಂದರೆ ಲೆಕ್ಕ ಮುಗಿದರೆ ಹೋಗಿಬರುವುದೂ ಮುಗಿಯುವುದು. ಇಂತಹ ಏರ್ಪಾಡಿನೊಳಗೆ ಹುಟ್ಟಿದ ಮನೆಯೊಂದು “ನಮಗೇನೂ ಬೇಡ” ಎಂದು ಸಾರಿದಾಗ, ಕೊಡಬೇಕಾದವರು ಋಣಮುಕ್ತರಾಗುವುದಿಲ್ಲ; ತೀರಿಸಲು ಬಾಗಿಲಿಲ್ಲದೆ ಋಣದಲ್ಲಿಯೇ ಉಳಿಯುತ್ತಾರೆ. ಆ ಮುದುಕಿಗೆ ಸ್ವಾಭಿಮಾನವಿದೆ. ಅವಳು ಕೊಡಬಯಸಿದ್ದು ಭಿಕ್ಷೆಯಲ್ಲವಾದ್ದರಿಂದ, ಬೇಡವೆನ್ನುವ ಹಕ್ಕು ನಮಗಿರಲಿಲ್ಲ.

ಈಗ ಪ್ರತಿಪಕ್ಷದವರು ಹೇಳುವ ಮಾತನ್ನು ಅದರ ಪೂರ್ಣ ಬಲದೊಡನೆ ಕೇಳಬೇಕು. ನೀವು ಹೊಗಳುವ ಹಂದರದಲ್ಲಿ ಸನಾದಿ ಊದಿದವನು ಎಲ್ಲಿ ಕುಳಿತು ಉಂಡನು? ಹಲಗೆ ಬಾರಿಸಿದವನಿಗೆ ಎಲೆ ಹಾಕಿದುದು ಯಾವ ಪಂಕ್ತಿಯಲ್ಲಿ? ವಿಧವೆಯಾದ ಅತ್ತೆಯನ್ನು ಆರತಿಯ ಹೊತ್ತಿಗೆ ಒಳಮನೆಗೆ ಕಳಿಸಿದವರು ಯಾರು? ೧೯೬೧ರಲ್ಲಿಯೇ ವರದಕ್ಷಿಣೆಯನ್ನು ಕಾನೂನು ನಿಷೇಧಿಸಿದ್ದರೂ ಮರಾಠವಾಡದ ರೈತ ಮಗಳ ಮದುವೆಗೆಂದು ಹೊಲ ಮಾರುವುದು ನಿಂತಿತೆ? ಈ ಪ್ರಶ್ನೆಗಳಿಗೆ ತಲೆ ತಗ್ಗಿಸುವುದಲ್ಲದೆ ನನ್ನಲ್ಲಿ ಬೇರೆ ಉತ್ತರವಿಲ್ಲ. ನಾನು ಬಾಲ್ಯದಲ್ಲಿ ಕಂಡ ಮದುವೆಗಳಲ್ಲಿ ಬಾಜಾದವರು ಹಂದರದ ಹೊರಗೆ, ಬಿಸಿಲಿನಲ್ಲಿ, ಕಡೆಯ ಪಂಕ್ತಿ ಎದ್ದ ಮೇಲೆ ಉಂಡರು. ಅದನ್ನು ಕಂಡೂ ನಾನು ಹುಗ್ಗಿಗೆ ತುಪ್ಪ ಬಡಿಸಿಕೊಂಡೆನೆಂಬುದು ನನಗೆ ಇಂದಿಗೂ ನೋವಿನ ನೆನಪು. ಆದರೆ ಈ ಅನ್ಯಾಯಕ್ಕೆ ಪರಿಹಾರ ಯಾವುದು? ಹೊರಗೆ ಕುಳಿತವನನ್ನು ಒಳಗೆ ಕರೆದು ಮೊದಲ ಪಂಕ್ತಿಯಲ್ಲಿ ಕೂರಿಸುವುದು ಸುಧಾರಣೆ. ಹಂದರವನ್ನೇ ಅವನು ಬರಲಾಗದ ದೂರಕ್ಕೆ ಒಯ್ಯುವುದರಿಂದ ಅವನ ಅವಮಾನ ಒಂದಿನಿತೂ ಕುಂದದು. ಹಿಂದೆ ಹೊರಗಿನಿಂದಲಾದರೂ ಅವನು ಮದುವೆಯನ್ನು ಕಂಡಿದ್ದ.

ನಿಜವಾಗಿ ಮದುವೆಯನ್ನು ತಿದ್ದಿದವರು ಯಾರೂ ಊರು ಬಿಟ್ಟು ಹೋಗಲಿಲ್ಲ. ಉಮರ್ಗಾದಿಂದ ಹೆದ್ದಾರಿ ಹಿಡಿದರೆ ಒಂದು ಗಂಟೆಯೊಳಗಿನ ಹಾದಿಯಲ್ಲಿ ಕಲ್ಯಾಣವಿದೆ. ಹನ್ನೆರಡನೆಯ ಶತಮಾನದಲ್ಲಿ, ಬಿಜ್ಜಳನ ಆಳ್ವಿಕೆಯಲ್ಲಿ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿ ಹುಟ್ಟಿ ಶರಣನಾದ ಮಧುವರಸನ ಮಗಳಿಗೂ ಅಲ್ಲಿ ಮದುವೆಯಾಯಿತೆಂದೂ, ಆ ಅಪರಾಧಕ್ಕಾಗಿ ತಂದೆಯರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತೆಂದೂ, ಆ ರಕ್ತದಿಂದಲೇ ಕಲ್ಯಾಣದ ಕ್ರಾಂತಿ ಹೊತ್ತಿತೆಂದೂ ಶರಣ ಪರಂಪರೆ ಹೇಳುತ್ತದೆ. ಆ ಎರಡು ಮನೆಗಳವರು ಯಾರೂ ಕಾಣದ ನದೀತೀರವೊಂದಕ್ಕೆ ಹೋಗಿ ಗುಟ್ಟಾಗಿ ಮಾಲೆ ಬದಲಿಸಿಕೊಂಡು ಬರಬಹುದಾಗಿತ್ತು. ಬಹುಶಃ ಪ್ರಾಣವೂ ಉಳಿಯುತ್ತಿತ್ತು. ಆದರೆ ಅವರ ಮದುವೆಯ ಅರ್ಥವೆಲ್ಲ ಅದು ಕಲ್ಯಾಣದ ಜನರ ಕಣ್ಣೆದುರಿಗೆ ನಡೆಯಿತೆಂಬುದರಲ್ಲಿಯೇ ಇತ್ತು. ಜೋತಿಬಾ ಫುಲೆಯವರು ೧೮೭೩ರಲ್ಲಿ ಪುಣೆಯಲ್ಲಿ ಸತ್ಯಶೋಧಕ ಸಮಾಜವನ್ನು ಸ್ಥಾಪಿಸಿ, ಪುರೋಹಿತನ ಹಂಗಿಲ್ಲದ, ವರದಕ್ಷಿಣೆಯಿಲ್ಲದ ಮದುವೆಗಳನ್ನು ಮಾಡಿಸಿದರು. ಅವೂ ಬಂಧುಗಳ ನಡುವೆ, ಎದುರು ನಿಂತವರ ಎದುರಿನಲ್ಲಿಯೇ ನಡೆದುವು. ಕುವೆಂಪು ಅವರು ಮಂತ್ರಮಾಂಗಲ್ಯವನ್ನು ರೂಪಿಸಿ ೧೯೬೬ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹದಿಂದಲೇ ಅದನ್ನು ಆರಂಭಿಸಿದಾಗ, ಬಂದವರು ಕೆಲವೇ ಮಂದಿಯಾದರೂ, ವಧೂವರರು ತಾವಾಡುವ ಪ್ರತಿಜ್ಞೆಯ ಅರ್ಥವನ್ನು ತಿಳಿದು ಎಲ್ಲರಿಗೂ ಕೇಳುವಂತೆ ಆಡಬೇಕೆಂಬುದು ಅದರ ಜೀವವಾಗಿತ್ತು. ಧರ್ಮಸ್ಥಳದಲ್ಲಿ ೧೯೭೨ರಿಂದ ನಡೆದುಬಂದಿರುವ ಸಾಮೂಹಿಕ ವಿವಾಹಗಳು ಬಡವರನ್ನು ಸಾಲದಿಂದ ಪಾರುಮಾಡಿದ ಬಗೆ ಇನ್ನೊಂದು. ಸರಳ ವಿವಾಹಕ್ಕೆ ಇಷ್ಟು ದಾರಿಗಳು ನಮ್ಮಲ್ಲಿಯೇ ಇರುವಾಗ, ಅವೊಂದನ್ನೂ ತುಳಿಯದೆ ಸರಳತೆಯ ಹೆಸರನ್ನು ಮಾತ್ರ ಎತ್ತಿಕೊಂಡು ಹೋದರೆ ಅದು ಆ ಹಿರಿಯರಿಗೆ ಮಾಡಿದ ಅನ್ಯಾಯ.

ಇನ್ನೊಂದು ವಾದವನ್ನು ನನ್ನ ತಮ್ಮನೇ ಹೇಳಿದ. “ಅಣ್ಣಾ, ಅವರದೊಂದು ಭಾಷೆ, ನಮ್ಮದೊಂದು ಭಾಷೆ. ಅವರ ಊರಾಗೂ ಬ್ಯಾಡ, ನಮ್ಮ ಊರಾಗೂ ಬ್ಯಾಡ, ನಡುವೆ ಎಲ್ಲಿಯಾದರೂ ಮಾಡೋಣಂತ,” ಎಂದು. ಯಾರಿಗೂ ಸೇರದ ನೆಲದಲ್ಲಿ ಕೂಡಿದರೆ ಯಾರೂ ಹೆಚ್ಚಲ್ಲ, ಯಾರೂ ಕಡಮೆಯಲ್ಲವೆಂಬುದು ಮೇಲುನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಗಡಿಯಲ್ಲಿ ಹುಟ್ಟಿ ಬೆಳೆದ ನಾವು ಇದಕ್ಕೆ ಮರುಳಾಗಬಾರದು. ಎರಡು ಭಾಷೆಗಳು ಒಂದೇ ಹಂದರದಲ್ಲಿ ಕೂಡುವುದು ನಮಗೆ ಹೊಸ ಸಮಸ್ಯೆಯೇ? ನಮ್ಮ ಲಗ್ನಪತ್ರಿಕೆಯ ಒಂದು ಮಗ್ಗುಲು ಮರಾಠಿ, ಇನ್ನೊಂದು ಮಗ್ಗುಲು ಕನ್ನಡ. ಭಟ್ಟರು ಮರಾಠಿಯಲ್ಲಿ ಮಂಗಲಾಷ್ಟಕ ಹೇಳುತ್ತಿರುವಾಗ ಹೆಂಗಸರು ಕನ್ನಡದಲ್ಲಿ ಸೋಬಾನೆ ಎತ್ತಿಕೊಳ್ಳುತ್ತಾರೆ. ಆಳಂದದ ಹುಡುಗಿ ಗಂಡನ ಹೆಸರನ್ನು ಒಡಪಿನಲ್ಲಿ ಕಟ್ಟಿ ಹೇಳಿದರೆ ಔಸಾದ ಹುಡುಗಿ ಉಖಾಣೆಯಲ್ಲಿ ಹೇಳುತ್ತಾಳೆ, ಎರಡಕ್ಕೂ ಒಂದೇ ನಗು ಏಳುತ್ತದೆ. ಮದುವೆಯಾದ ಮೇಲೆ ಜೋಡಿಗಳು ತುಳಜಾಪುರದ ಭವಾನಿಯ ಗುಡಿಗೆ ಹೋಗುತ್ತಾರೆ, ಅಲ್ಲಿ ದೇವಿ ಯಾವ ಭಾಷೆಯವಳೆಂದು ಯಾರೂ ಕೇಳುವುದಿಲ್ಲ. ಬೇರೆ ನಾಡಿನ ಸೊಸೆ ಬಂದಿದ್ದರೆ ನಮ್ಮ ಹೆಂಗಸರು ಅವಳ ಹಾಡನ್ನು ಒಂದೇ ಸಂಜೆಯಲ್ಲಿ ಕಲಿತು ಮರುದಿನ ಅವಳಿಗೇ ಹಾಡಿ ತೋರಿಸುತ್ತಿದ್ದರು. ಬೇಕಿದ್ದರೆ ಒಂದು ದಿನ ಅವರ ಊರಿನಲ್ಲಿ, ಒಂದು ದಿನ ನಮ್ಮ ಊರಿನಲ್ಲಿ ಮಾಡಬಹುದಾಗಿತ್ತು. ಹಾಗೆ ಒಬ್ಬರು ಇನ್ನೊಬ್ಬರ ಹೊಸ್ತಿಲು ದಾಟುವುದರಿಂದ ಬೀಗತನ ಹುಟ್ಟುತ್ತದೆ; ಇಬ್ಬರೂ ತಂತಮ್ಮ ಹೊಸ್ತಿಲನ್ನು ಬಿಟ್ಟು ಬಾಡಿಗೆಯ ಅಂಗಳದಲ್ಲಿ ಸಂಧಿಸಿದರೆ ಪರಿಚಯ ಮಾತ್ರ ಆಗುತ್ತದೆ.

ಆ ಅಂಗಳವೂ ಯಾರಿಗೂ ಸೇರದುದಾಗಿರಲಿಲ್ಲ. ನಾವು ಖಾಲಿಯೆಂದು ಎಣಿಸುವ ಮರಳಿನ ದಂಡೆಯು ಹರಿಕಂತರು, ಖಾರ್ವಿಗಳು, ಅಂಬಿಗರು ಬಲೆ ಹೊಲಿಯುವ, ದೋಣಿ ಎಳೆದಿಡುವ, ಮೀನು ಒಣಗಿಸುವ ಕಣ. ನಮ್ಮ ರಾಶಿಯ ಕಣದಲ್ಲಿ ಚಪ್ಪಲಿ ಹಾಕಿಕೊಂಡು ನಡೆದವನನ್ನು ನಾವು ಸುಮ್ಮನೆ ಬಿಡೆವು. ಆ ತೀರದಲ್ಲಿ ಹಿಂದೆ ರಂಪಣಿ ಬಲೆಯನ್ನು ಊರಿನ ಹತ್ತಾರು ಮಂದಿ ಎರಡು ತುದಿಗಳಿಂದ ಹಿಡಿದು ಎಳೆಯುತ್ತಿದ್ದರು. ಹಗ್ಗಕ್ಕೆ ಕೈಹಚ್ಚಿದವರಿಗೆಲ್ಲ ಪಾಲು ಸಲ್ಲುತ್ತಿತ್ತು. ೧೯೭೦ರ ದಶಕದ ಕೊನೆಯ ವರ್ಷಗಳಲ್ಲಿ ಯಂತ್ರದೋಣಿಗಳು ಬಂದು ಅದನ್ನು ಮೂಲೆಗೊತ್ತಿದುವು. ಈಗ ಉಳಿದ ದಂಡೆಗೂ ಬಿಳಿ ಕುರ್ಚಿಗಳ ಸಾಲು ಬಂದಿದೆ. ಕಡಲ ಮಕ್ಕಳ ಮನೆಯ ಮದುವೆ ಕಡಲ ದಂಡೆಯಲ್ಲಿ ನಡೆದರೆ ಅದರಷ್ಟು ಒಪ್ಪುವ ಮದುವೆ ಬೇರೊಂದಿಲ್ಲ, ಅದು ಅವರ ಮನೆಯಂಗಳ. ಜನ ಕಡಲಿಗೆ ಹೋಗುವುದೇ ತಪ್ಪೆಂದೂ ನನ್ನ ಮಾತಲ್ಲ. ನಾನು ಬಸ್ಸು ಇಳಿದ ಅಂಕೋಲೆಯಲ್ಲಿಯೇ ೧೯೩೦ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕಾಗಿ ಜನ ಸಾಗರವಾಗಿ ನೆರೆದಿದ್ದರು. ಅವರು ಆ ಊರಿನವರ ಜೊತೆಗೆ ನಿಂತರು. ನಾವು ಎರಡು ದಿನ ಮದುವೆಯ ದಂಡೆಯಲ್ಲಿದ್ದು, ಆ ಊರಿನ ಒಬ್ಬರ ಹೆಸರನ್ನೂ ಕೇಳದೆ ಬಂದೆವು. ಅಲ್ಲಿಯ ಜನರಲ್ಲಿ ನಮ್ಮೆದುರಿಗೆ ಕಂಡವರೆಂದರೆ ತಟ್ಟೆ ಎತ್ತಿದವರು.

ಮನುಷ್ಯರಲ್ಲದೆ ಬೇರೆ ಜೀವಗಳೂ ಅಲ್ಲಿಗೆ ಬರುತ್ತವೆ. ಉತ್ತರ ಕನ್ನಡದ ತೀರಕ್ಕೆ ಚಳಿಗಾಲದಲ್ಲಿ, ಎಂದರೆ ಸರಿಯಾಗಿ ಈ ಮದುವೆಗಳ ಕಾಲದಲ್ಲಿಯೇ, ಆಲಿವ್ ರಿಡ್ಲೆ ಎಂಬ ಕಡಲಾಮೆಗಳು ರಾತ್ರಿಯ ಹೊತ್ತು ಮರಳು ತೋಡಿ ಮೊಟ್ಟೆಯಿಡುತ್ತವೆ. ಆರೇಳು ವಾರಗಳ ಮೇಲೆ ಒಡೆದು ಬರುವ ಮರಿಗಳು ನೀರಿನ ಮೇಲಣ ಮಂದ ಬೆಳಕನ್ನೇ ಗುರುತಾಗಿಟ್ಟುಕೊಂಡು ಕಡಲಿಗೆ ಹರಿದುಹೋಗಬೇಕು. ದಂಡೆಯ ಮೇಲೆ ಝಗಝಗಿಸುವ ದೀಪಗಳಿದ್ದರೆ ಅವು ದಿಕ್ಕು ತಪ್ಪಿ ನೆಲದ ಕಡೆಗೆ ಹರಿದು ಸಾಯುತ್ತವೆ. ೧೯೯೧ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಭರತದ ಗೆರೆಯಿಂದ ೫೦೦ ಮೀಟರಿನವರೆಗಿನ ಭೂಮಿಗೆ ನಿರ್ಬಂಧ ಹೇರಿದುದು ಇಂಥ ಕಾರಣಗಳಿಗಾಗಿಯೇ. ಆದರೆ ಒಂದು ರಾತ್ರಿಯ ದೀಪಗಳು ಕಟ್ಟಡಗಳ ಲೆಕ್ಕಕ್ಕೆ ಬರುವುದಿಲ್ಲ. ಮರಾಠವಾಡದವನಾದ ನನ್ನ ಕಣ್ಣಿಗೆ ಇನ್ನೊಂದೂ ಬಿದ್ದಿತು. ಕಡಲಿಗೆ ಎದುರಾಗಿಯೇ, ಅತಿಥಿಗಳು ಈಜಲೆಂದು, ಸಿಹಿನೀರಿನ ಒಂದು ದೊಡ್ಡ ಕೊಳವಿತ್ತು. ಕರಾವಳಿಯ ಬಾವಿಗಳು ಬೇಸಗೆಯಲ್ಲಿ ಉಪ್ಪಾಗುವುದುಂಟೆಂದು ನಾನು ಬಲ್ಲೆ. ೨೦೧೬ರ ಏಪ್ರಿಲಿನಲ್ಲಿ ನಮ್ಮ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ಬಂದುದನ್ನೂ ಬಲ್ಲೆ. ಆ ಕೊಳದ ಅಂಚಿನಲ್ಲಿ ನಾನು ಬಹಳ ಹೊತ್ತು ನಿಲ್ಲಲಾರದೆ ಹೋದೆ.

ಈ ಎಲ್ಲ ವಾದಗಳ ಹಿಂದೆ ನನ್ನ ಮನಸ್ಸಿನಲ್ಲಿ ಯಾವಾಗಲೂ ಇರುವುದು ಒಂದು ಮದುವೆ. ೧೯೯೩ರ ಸೆಪ್ಟೆಂಬರ್ ೩೦ರ ಬೆಳಗಿನ ಜಾವ, ಹಿಂದಿನ ರಾತ್ರಿ ಗಣಪತಿಯನ್ನು ಕಳಿಸಿ ದಣಿದು ಮಲಗಿದ್ದ ನಮ್ಮ ಸೀಮೆಯನ್ನು ಭೂಕಂಪ ನಡುಗಿಸಿತು. ಔಸಾ ತಾಲೂಕಿನ ಕಿಲ್ಲಾರಿ, ನಮ್ಮ ಮಗ್ಗುಲಿನ ಸಾಸ್ತೂರು, ಇನ್ನೂ ಎಷ್ಟೋ ಹಳ್ಳಿಗಳು ಕ್ಷಣಾರ್ಧದಲ್ಲಿ ಕಲ್ಲಿನ ರಾಶಿಯಾದುವು. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು, ಮೇಲೆ ಮೊಳದುದ್ದ ಮಣ್ಣು ಹೇರಿದ ಮಾಳಿಗೆ. ಬೇಸಗೆಯಲ್ಲಿ ತಂಪಾಗಿಟ್ಟ ಆ ಮನೆಗಳೇ ಮಲಗಿದವರ ಮೇಲೆ ಕವುಚಿಕೊಂಡುವು. ಹತ್ತು ಸಾವಿರದ ಹತ್ತಿರ ಜನ ಸತ್ತರು. ಬದುಕಿದವರು ಪತ್ರಾದ ಶೆಡ್ಡುಗಳಲ್ಲಿ ದಿನ ಕಳೆದರು. ಮರುವರ್ಷದ ವೈಶಾಖದಲ್ಲಿ ಅಂಥ ಶೆಡ್ಡುಗಳ ನಡುವಿನ ಬಯಲಿನಲ್ಲಿ ಒಂದು ಹುಡುಗಿಯ ಲಗ್ನಕ್ಕೆ ನಾನು ಹೋಗಿದ್ದೆ. ಅವಳ ತಂದೆತಾಯಿಯರೂ ಒಡಹುಟ್ಟಿದವರೂ ಒಂದೇ ಗೋಡೆಯ ಕೆಳಗೆ ಹೋಗಿದ್ದರು. ತಂದೆಯ ಸ್ಥಾನದಲ್ಲಿ ನಿಂತವನು ಅವಳ ಓಣಿಯ ಒಬ್ಬ ಗೃಹಸ್ಥ. ಅವಳ ಜಾತಿಯವನಲ್ಲ, ಬಂಧುವಲ್ಲ. ಆ ಬೆಳಗಿನ ಜಾವ ಉಗುರು ಕಿತ್ತುಹೋಗುವಂತೆ ಕಲ್ಲು ಸರಿಸಿ ಅವಳನ್ನು ಹೊರಗೆಳೆದವನು. ಸನಾದಿಯಿರಲಿಲ್ಲ, ಬಾಸಿಂಗಕ್ಕೆ ಬೆಂಡು ಸಿಕ್ಕಿರಲಿಲ್ಲ. ಪರಿಹಾರವಾಗಿ ಬಂದ ಗೋದಿಯಲ್ಲಿ ಹುಗ್ಗಿ ಮಾಡಿದ್ದರು. ಅಕ್ಷತೆಗೆ ಅಕ್ಕಿ ಸಾಲದೆ ಬಿಳಿಜೋಳಕ್ಕೆ ಅರಿಶಿಣ ಹಚ್ಚಿದ್ದರು. ನಾವು ಕಾಳೆಸೆದಾಗ ಅವು ಪತ್ರಾದ ಮೇಲೆ ಬಿದ್ದು ಮಳೆಯಂತೆ ಸದ್ದಾಯಿತು. ಆ ಸದ್ದಿಗೆ ಅಲ್ಲಿದ್ದ ಹೆಂಗಸರೆಲ್ಲ ಅತ್ತರು.

ಆಪ್ತರನ್ನು ಮಾತ್ರ ಕರೆಯುತ್ತೇವೆಂದು ಹೇಳುವ ತರುಣರಿಗೆ ನಾನು ಕೇಳುವುದು ಇದನ್ನೇ: ಯಾರು ಆಪ್ತರೆಂಬುದು ನಿಮಗೆ ಮದುವೆಯ ದಿನವೇ ಹೇಗೆ ತಿಳಿಯಿತು? ಆ ಹುಡುಗಿಯು ಭೂಕಂಪಕ್ಕೆ ಮೊದಲು ಪಟ್ಟಿ ಮಾಡಿದ್ದರೆ ಆ ಗೃಹಸ್ಥನ ಹೆಸರು ಐವತ್ತು ಮಂದಿಯೊಳಗೆ ಬರುತ್ತಿತ್ತೆ? ಸ್ನೇಹಿತರನ್ನು ನಾವು ಆರಿಸಿಕೊಳ್ಳುತ್ತೇವೆ, ಸುಖದ ದಿನಗಳಲ್ಲಿ, ನಮ್ಮ ರುಚಿಗೆ ಹೊಂದುವವರನ್ನು. ನೆರೆಯವರನ್ನು ನಾವು ಆರಿಸಿಕೊಂಡಿರುವುದಿಲ್ಲ. ಊರನ್ನೆಲ್ಲ ಕರೆಯುವ ಹಳೆಯ ಪದ್ಧತಿಯಲ್ಲಿ, ನಮ್ಮ ಪಾಲಿಗೆ ಯಾರು ಒದಗುವರೆಂಬುದು ನಮಗೆ ತಿಳಿಯದೆಂಬ ವಿನಯವಿತ್ತು. ಪುಣೆಯಲ್ಲಿ ನೆಲೆಸಿದವರಿಗೆ ಪುಣೆಯೇ ಊರು. ಅವರು ಲೋಹಾರಾಕ್ಕೇ ಬರಬೇಕೆಂಬ ಹಟವೂ ನನಗಿಲ್ಲ. ತಾವು ವಾಸಿಸುವ ಕಟ್ಟಡದ ಅಂಗಳದಲ್ಲಿ, ಕಾವಲುಗಾರನನ್ನೂ ಹಾಲು ತರುವವಳನ್ನೂ ಎದುರಿನ ಮನೆಯ ಅಪರಿಚಿತ ಮುದುಕನನ್ನೂ ಕೂರಿಸಿಕೊಂಡು ಅವರು ಮದುವೆಯಾಗಿದ್ದರೆ ಈ ಲೇಖನವನ್ನು ನಾನು ಬರೆಯುತ್ತಿರಲಿಲ್ಲ.

ಗಂಟಿನ ಕತೆ ಉಳಿಯಿತು. ಶನಿವಾರ ಸಂಜೆ ಮಾಲೆ ಬದಲಾದೊಡನೆ ಚಿತ್ರಗಳನ್ನು ತೆಗೆಯುವುದರಲ್ಲಿ ಕತ್ತಲಾಯಿತು. ಆಮೇಲೆ ಹಾಡು, ಕುಣಿತ. ಉಡಿ ತುಂಬುವ ಹೊತ್ತೆಂಬುದೊಂದು ಆ ದಿನದ ಕ್ರಮದಲ್ಲಿರಲಿಲ್ಲ. ತಮ್ಮನನ್ನು ಕೇಳಿದೆ, “ನಾಳೆ ನೋಡೋಣು, ಅಣ್ಣಾ,” ಎಂದ. ಭಾನುವಾರ ಬೆಳಗ್ಗೆ ಪೆಟ್ಟಿಗೆಗಳು ಕಾರುಗಳಿಗೆ ಏರುತ್ತಿದ್ದಾಗ ನಾನು ಮೆಟ್ಟಿಲ ಬಳಿ ಮದುಮಗಳನ್ನು ತಡೆದು ಗಂಟನ್ನು ಮುಂದೆ ಹಿಡಿದೆ. ಅವಳು, ಯಾರೂ ಹೇಳಿಕೊಡದಿದ್ದರೂ, ತನ್ನ ಓಢಣಿಯ ಸೆರಗನ್ನು ಎರಡೂ ಕೈಗಳಿಂದ ಅಗಲವಾಗಿ ಒಡ್ಡಿದಳು. ಒಂದೊಂದಾಗಿ ಹಾಕಿದೆ. ಇದನ್ನು ಕೊಟ್ಟವರು ಯಾರೆಂದು ಹಿಂದಿಯಲ್ಲಿ ಕೇಳಿದಳು, ಹೇಳಿದೆ. ಇದಕ್ಕೆ ಪ್ರತಿಯಾಗಿ ನಾನು ಏನು ಕೊಡಬೇಕು ದೊಡ್ಡಪ್ಪಾ, ಎಂದಳು. ಅಷ್ಟರಲ್ಲಿ ಅವಳನ್ನು ಯಾರೋ ಕರೆದರು.

ಲೋಹಾರಾಕ್ಕೆ ನಾನು ಮರಳಿದ ಸಂಜೆ ಮುದುಕಿ ಕಟ್ಟೆಯ ಮೇಲೆ ಕಾಯುತ್ತಾ ಕುಳಿತಿದ್ದಳು. “ಉಡಿಯಾಗ ಹಾಕಿದೇನು?” ಎಂದು ಕೇಳಿದಳು. ಹಾಕಿದೆನೆಂದೆ. ಹುಡುಗಿ ಹೇಗಿದ್ದಾಳೆಂದು ಕೇಳಿದಳು; ಸೆರಗೊಡ್ಡಿದ ಬಗೆಯನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಈಗ ಬ್ಯಾಡ, ಸುಗ್ಗಿ ಆಗಲಿ. ಜ್ವಾಳದ ರಾಶಿ ಆದ ಮ್ಯಾಲ ಇಬ್ಬರಿಗೂ ಬರ್ಲಿಕ್ಕ ಹೇಳು ತಮ್ಮಾ, ಮನ್ಯಾಗ ಕಾಳು ಇರ್ತಾವ,” ಎಂದಳು.